ಬೆಂಗಳೂರಿಗಿಂತ ಮೊದಲೇ ಗುಲ್ಬರ್ಗಾದ ಹಳ್ಳಿಗೆ ಟಿವಿ ಬಂದಿತ್ತು: ದೂರ ಪಾಠದ ಐವತ್ತು ವರ್ಷದ ಲೆಕ್ಕ

ಕರ್ನಾಟಕದಲ್ಲಿ ಟಿವಿ ಮೊದಲು ಬಂದದ್ದು ಎಲ್ಲಿಗೆ ಎಂದು ಕೇಳಿದರೆ ಹೆಚ್ಚಿನವರು ಬೆಂಗಳೂರು ಎನ್ನುತ್ತಾರೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಿಂದ, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿ ಮಕ್ಕಳು ಕನ್ನಡದಲ್ಲಿ ಟಿವಿ ಪಾಠ ನೋಡುತ್ತಿದ್ದರು.

ವಿದ್ಯಾರಣ್ಯಪುರದ ಕಡೆಯಿಂದ ನೋಡಿದರೆ ಈ ಸಂಗತಿ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಪಕ್ಕದ ಜಾಲಹಳ್ಳಿಯಲ್ಲಿ 1954ರಲ್ಲಿ ಹುಟ್ಟಿದ ಬಿಇಎಲ್ ಕಾರ್ಖಾನೆಯಿದೆ. ಆಕಾಶವಾಣಿಗೂ ದೂರದರ್ಶನಕ್ಕೂ ಟ್ರಾನ್ಸ್‌ಮಿಟರ್ ಮಾಡಿಕೊಟ್ಟ ಕಾರ್ಖಾನೆ ಅದು. ವಿದ್ಯಾರಣ್ಯಪುರದ ಬಿಇಎಲ್ ಲೇಔಟ್ ಹೆಸರಿನಲ್ಲೇ ಅದರ ನಂಟು ಉಳಿದಿದೆ. ನ್ಯೂ ಬಿಇಎಲ್ ರಸ್ತೆಗೆ ಹೋದರೆ ಇಸ್ರೊದ ಕೇಂದ್ರ ಕಚೇರಿ ಸಿಗುತ್ತದೆ. ಪಾಠವನ್ನು ದೂರಕ್ಕೆ ಕಳಿಸುವ ತಂತ್ರ ಬಲ್ಲವರೆಲ್ಲ ಉತ್ತರ ಬೆಂಗಳೂರಿನ ಈ ಸುತ್ತಳತೆಯಲ್ಲೇ ಇದ್ದಾರೆ. ಇದೇ ಸುತ್ತಳತೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಬುಡದಲ್ಲಿ ತಗಡಿನ ಶೆಡ್ ಹಾಕಿಕೊಂಡು ಇರುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರು ಬಹಳ. ಐವತ್ತು ವರ್ಷದ ಹಿಂದೆ ಟಿವಿ ಪಾಠ ನೋಡಿದ ಸೀಮೆಯ ಮೊಮ್ಮಕ್ಕಳು ಈಗ ಇಲ್ಲಿದ್ದಾರೆ.

ಶಾಲೆ ಮುಚ್ಚಿದಾಗ, ಅಥವಾ ಶಾಲೆಯೇ ದೂರವಾದಾಗ, ಪಾಠವನ್ನು ಮಗುವಿನ ಹತ್ತಿರ ಒಯ್ಯುವುದು ಹೇಗೆ? ಈ ಪ್ರಶ್ನೆಗೆ ನಮ್ಮ ರಾಜ್ಯ ಮತ್ತೆ ಮತ್ತೆ ಉತ್ತರ ಹುಡುಕಿದೆ. ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಎಂದು ಒಮ್ಮೆ ನೋಡೋಣ.

ಸಾಲ ತಂದ ಉಪಗ್ರಹ

1975ರ ಪ್ರಯೋಗದ ಹೆಸರು ಸೈಟ್. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೊ ಕಾರ್ಯಕ್ರಮ ತಲುಪಿಸಿತು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಊರಿನವರಿಗೆ ಬೇಸಾಯ, ಆರೋಗ್ಯದ ಮಾತು. ಟಿವಿ ಸೆಟ್ಟುಗಳನ್ನು ಹೈದರಾಬಾದಿನ ಇಸಿಐಎಲ್ ತಯಾರಿಸಿತ್ತು. ಜೊತೆಗೆ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯ ಆಂಟೆನಾ.

ಸೈಟ್ ಬಗ್ಗೆ ಬರೆಯುವವರು ಉಪಗ್ರಹವನ್ನೇ ಹೊಗಳುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ನೆಲದ ಮೇಲಿನ ಕೆಲಸ. ಹಿಂದುಳಿದ ಜಿಲ್ಲೆಗಳನ್ನೇ ಆರಿಸಿಕೊಂಡರು. ಸೆಟ್ಟನ್ನು ಯಾರ ಮನೆಯಲ್ಲೂ ಇಡದೆ ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ ಇಟ್ಟರು. ಕೆಟ್ಟ ಸೆಟ್ಟನ್ನು ರಿಪೇರಿ ಮಾಡಲು ಆಯಾ ಸೀಮೆಯಲ್ಲೇ ತಂಡಗಳನ್ನು ನಿಲ್ಲಿಸಿದರು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಅದೇ ಟಿವಿಯಲ್ಲಿ ವಿಜ್ಞಾನ ಬೋಧನೆಯ ತರಬೇತಿಯನ್ನೂ ಕೊಟ್ಟರು. ಪಾಠ ಎಲ್ಲಿಂದ ಹೊರಡುತ್ತದೆ ಎನ್ನುವಷ್ಟೇ ಎಲ್ಲಿ ಬಂದು ಇಳಿಯುತ್ತದೆ ಎಂಬುದನ್ನೂ ಯೋಚಿಸಿದ್ದರು.

1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹ ವಾಪಸಾಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಟ್ರಾನ್ಸ್‌ಮಿಟರ್ ಬಂತು. ಅದರ ಅಲೆ ಮುಟ್ಟುವಷ್ಟು ದೂರದ ಹಳ್ಳಿಗಳಿಗೆ ಅದರಿಂದ ಅನುಕೂಲವಾಯಿತು. ಅದರಾಚೆಯ ಊರುಗಳಿಗೆ ಪಾಠ ಒಂದು ವರ್ಷ ಬಂದು ಹೋದ ನೆಂಟನಂತಾಯಿತು. ಸಾಲ ತಂದ ವಸ್ತುವಿನ ಮೇಲೆ ಶಾಲೆ ಕಟ್ಟಿದರೆ ಆಗುವುದು ಇದೇ.

ಅಂಚೆ, ರೇಡಿಯೊ, ಮತ್ತೆ ಉಪಗ್ರಹ

ಅಷ್ಟರಲ್ಲಿ ಮೈಸೂರಿನಲ್ಲಿ ಇನ್ನೊಂದು ದಾರಿ ತೆರೆದಿತ್ತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ತೆರಪಿನ ಶಿಕ್ಷಣ ಆರಂಭಿಸಿತು. ಉಪಗ್ರಹ ಬೇಡ, ಕರೆಂಟ್ ಬೇಡ. ಪಾಠದ ಕಟ್ಟು ಹೊತ್ತ ಪೋಸ್ಟ್‌ಮನ್ ಸಾಕು. ಕೆಲಸಕ್ಕೆ ಹೋಗುವವರು, ಮದುವೆಯಾಗಿ ಓದು ಬಿಟ್ಟ ಹೆಣ್ಣುಮಕ್ಕಳು, ಬಡ್ತಿಗೆ ಪದವಿ ಬೇಕಾದ ಮೇಷ್ಟ್ರುಗಳು ಇಂಥ ಓದನ್ನು ನೆಚ್ಚಿಕೊಂಡರು. ಇದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಮುಂದಿನ ಕಥೆ ಗೊತ್ತಿರುವಂಥದ್ದೇ. ಹೊರರಾಜ್ಯಗಳಲ್ಲಿ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದಕ್ಕೆ ಯುಜಿಸಿ ಆಕ್ಷೇಪ ಎತ್ತಿತು. 2012–13ರ ನಂತರ ಮಾನ್ಯತೆಯಿಲ್ಲ ಎಂದು 2015ರಲ್ಲಿ ಸಾರಿತು. ಮಾನ್ಯತೆ ಮರಳಿ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಫೀಸು ಕಟ್ಟಿ ಓದಿದವರು ಅಂಕಪಟ್ಟಿ ಹಿಡಿದು ಪೇಚಾಡಿದರು. ಪ್ರಾದೇಶಿಕ ಯೋಜನೆ ಎಂದರೆ ತನ್ನ ಸೀಮೆ ಎಷ್ಟು ಎಂದು ತಿಳಿದಿರುವುದು. ಸೀಮೆ ಮರೆತರೆ ದಂಡ ತೆರುವವರು ವಿದ್ಯಾರ್ಥಿಗಳು.

ಪ್ರಾಥಮಿಕ ಶಾಲೆಗಳಿಗೆ ರೇಡಿಯೊ ಬಂತು. ಡಿಎಸ್‌ಇಆರ್‌ಟಿ ರೂಪಿಸಿದ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿನ್ನ’ ಆಕಾಶವಾಣಿಯಲ್ಲಿ ಬಿತ್ತರವಾಗುತ್ತಿದ್ದವು. ಚುಕ್ಕಿ ಸರಣಿಗಳಲ್ಲಿ ರೇಡಿಯೊ ಪ್ರಶ್ನೆ ಕೇಳಿ ಒಂದು ಕ್ಷಣ ಸುಮ್ಮನಿರುತ್ತಿತ್ತು, ಮಕ್ಕಳು ಉತ್ತರ ಹೇಳಬೇಕು, ಹಾಡಬೇಕು, ಕುಣಿಯಬೇಕು. ಆ ಕ್ಷಣದಲ್ಲಿ ಮಕ್ಕಳನ್ನು ಹುರಿದುಂಬಿಸಲು ಟೀಚರ್ ಇದ್ದರೆ ಅದು ಪಾಠ. ಇಲ್ಲದಿದ್ದರೆ ಬರಿಯ ಸದ್ದು. ಆ ಹೊತ್ತಿಗೆ ಕರೆಂಟ್ ಹೋಗಿ, ಬ್ಯಾಟರಿಯೂ ಮುಗಿದಿದ್ದರೆ ಆ ದಿನದ ಪಾಠ ಹೋಯಿತು ಎಂದೇ ಲೆಕ್ಕ.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಡಿಶ್ ಮತ್ತು ಟಿವಿ ಬಂದವು. ಈ ಸಲ ಉಪಗ್ರಹ ನಮ್ಮದೇ. ಆದರೆ ಅದಕ್ಕೂ ಆಯಸ್ಸಿತ್ತು: 2010ರಲ್ಲಿ ಸೇವೆ ಮುಗಿಸಿತು. ಉಪಗ್ರಹವನ್ನು ಬದಲಿಸಬಹುದು. ಶಾಲೆಯ ಮೂಲೆಯಲ್ಲಿ ಕೆಟ್ಟು ಕೂತ ಸೆಟ್ಟಿಗೆ ಯಾರು ಹೊಣೆ ಎಂಬುದು ಎಲ್ಲ ಯೋಜನೆಗಳಲ್ಲೂ ಉಳಿಯುವ ಪ್ರಶ್ನೆ.

2020: ಮೊಬೈಲ್ ಇದ್ದವರು, ಇಲ್ಲದವರು

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗೆ ನಿರ್ಬಂಧ ಹಾಕಿತು, ಪ್ರೊ. ಎಂ.ಕೆ. ಶ್ರೀಧರ್ ನೇತೃತ್ವದಲ್ಲಿ ಸಮಿತಿ ಮಾಡಿತು. ಕೆಲವು ಪೋಷಕರು ಕೋರ್ಟಿಗೆ ಹೋದರು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಲೇಔಟ್ ಮನೆಗಳಲ್ಲಿ ಲ್ಯಾಪ್‌ಟಾಪ್ ತೆರೆದವು. ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ‘ಸೇತುಬಂಧ’ ಪಾಠ ಶುರುವಾಯಿತು.

ಮೇ ತಿಂಗಳ ಮೊದಲ ವಾರದಲ್ಲೇ ಮೆಜೆಸ್ಟಿಕ್‌ನಿಂದ ಉಚಿತ ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಕಟ್ಟಡ ಕಾರ್ಮಿಕರು ಊರಿಗೆ ಹೊರಟಿದ್ದರು. ಅವರ ಮಕ್ಕಳ ಹೆಸರು ಬೆಂಗಳೂರಿನ ಶಾಲೆಯ ಹಾಜರಿಯಲ್ಲಿ, ಮಗು ಊರಿನಲ್ಲಿ, ಇದ್ದೊಂದು ಫೋನು ಅಪ್ಪನ ಜೇಬಿನಲ್ಲಿ. ಯಾವ ವಾಟ್ಸ್‌ಆ್ಯಪ್ ಗ್ರೂಪಿಗೆ ಆ ಮಗುವನ್ನು ಸೇರಿಸುವುದು?

ಆಗಸ್ಟ್‌ನಲ್ಲಿ ಬಂದ ವಿದ್ಯಾಗಮ, ನಮ್ಮ ಎಣಿಕೆಯಲ್ಲಿ, ಐವತ್ತು ವರ್ಷದ ಯೋಜನೆಗಳಲ್ಲೇ ಜಾಣತನದ್ದು. ಅದು ಮೊದಲು ಕೇಳಿದ್ದು ಮಗುವಿನ ಮನೆಯಲ್ಲಿ ಏನಿದೆ ಎಂದು. ಫೋನೇ ಇಲ್ಲದವರು, ಸಾದಾ ಫೋನ್ ಇದ್ದವರು, ಇಂಟರ್‌ನೆಟ್ ಇರುವ ಫೋನ್ ಇದ್ದವರು ಎಂದು ಮಕ್ಕಳನ್ನು ಗುಂಪು ಮಾಡಿತು. ಏನೂ ಇಲ್ಲದವರ ಹತ್ತಿರ ಶಿಕ್ಷಕರೇ ನಡೆದು ಹೋದರು. ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆ ತರಗತಿಗಳಾದವು. ಆದರೆ ಹೀಗೆ ಓಡಾಡುವ ಶಿಕ್ಷಕರ ಆರೋಗ್ಯಕ್ಕೆ ತಕ್ಕ ಕಾವಲು ಇರಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದವು. ಅಕ್ಟೋಬರ್‌ನಲ್ಲಿ ಯೋಜನೆ ನಿಂತಿತು. ಪರಿಷ್ಕರಿಸಿದ ರೂಪದಲ್ಲಿ ಮರಳಿದ್ದು 2021ರ ಜನವರಿ 1ರಂದು. ಅದೇ ವರ್ಷ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ, ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ, ಸುರಿವ ಮಳೆಯಲ್ಲಿ ಕೂತು ಪಾಠ ಕೇಳುವ ಹುಡುಗಿಗೆ ಅಪ್ಪ ಕೊಡೆ ಹಿಡಿದ ಚಿತ್ರವನ್ನು ನಾಡೇ ನೋಡಿತು. ಕೊನೆಗೆ 2022–23ನ್ನು ‘ಕಲಿಕಾ ಚೇತರಿಕೆ’ ವರ್ಷವೆಂದು ಸಾರಿ, ಬಿಟ್ಟುಹೋದದ್ದನ್ನು ಕಲಿಸಬೇಕಾಯಿತು.

ಮುಂದಿನ ಯೋಜನೆಯ ಮೊದಲ ಪುಟ

ಕೊರೊನಾ ಮುಗಿಯಿತಲ್ಲ, ಇನ್ಯಾಕೆ ಈ ಮಾತು ಎನ್ನಬಹುದು. ಕರಾವಳಿ, ಮಲೆನಾಡಿನಲ್ಲಿ ಪ್ರತಿ ಮಳೆಗಾಲ ಶಾಲೆಗೆ ರಜೆ ಕೊಡುತ್ತಾರೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ ಉಕ್ಕಿದಾಗ ಶಾಲೆಗಳೇ ನಿರಾಶ್ರಿತರ ಕೇಂದ್ರಗಳಾದವು. ಸುಗ್ಗಿಗೆ, ಗುಳೆಗೆ ಮಕ್ಕಳು ಊರು ಬಿಡುವುದು ನಿಂತಿಲ್ಲ. ಶಾಲೆಯಿಂದ ದೂರವಾಗುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ.

ಹಾಗಾಗಿ ಯೋಜನೆಯನ್ನು ವಿಧಾನಸೌಧದಿಂದ ಬರೆಯುವ ಬದಲು ಹೋಬಳಿಯಿಂದ ಬರೆಯಬೇಕು ಎನ್ನುತ್ತೇವೆ ನಾವು. ಸುಳ್ಯಕ್ಕೆ ಬೇಕಾದದ್ದು ಸಿಗ್ನಲ್, ಯಾದಗಿರಿಗೆ ಬೇಕಾದದ್ದು ಗುಳೆ ಹೋದ ಮಗುವಿನ ಲೆಕ್ಕ. ಎರಡಕ್ಕೂ ಒಂದೇ ಆ್ಯಪ್ ಮದ್ದಲ್ಲ. ಸೈಟ್ ಮಾಡಿದಂತೆ ರಿಪೇರಿ ತಂಡಕ್ಕೆ ಮೊದಲೇ ಹಣ ಇಡಬೇಕು. ವಿದ್ಯಾಗಮ ಮಾಡಿದಂತೆ ಯಾರ ಮನೆಯಲ್ಲಿ ಏನಿದೆ ಎಂಬ ಪಟ್ಟಿ ಪ್ರತಿ ಜೂನ್‌ನಲ್ಲಿ ಸಿದ್ಧವಿರಬೇಕು, ಮತ್ತು ನಡೆದು ಹೋಗುವ ಶಿಕ್ಷಕರಿಗೆ ವಿಮೆ, ಬಸ್ ಚಾರ್ಜು, ಸಮಯ ಎಲ್ಲ ಲೆಕ್ಕದಲ್ಲಿರಬೇಕು. ಮಗುವಿನ ಹೆಸರು ಶಾಲೆಯ ಹಾಜರಿಗೆ ಅಂಟಿಕೊಳ್ಳದೆ ಮಗುವಿನ ಜೊತೆಗೇ ಪ್ರಯಾಣ ಮಾಡಬೇಕು.

ಜಾಲಹಳ್ಳಿಯಿಂದ ಹೊರಡುವ ಅಲೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಉತ್ತರ ಎಂದೋ ಸಿಕ್ಕಿದೆ. ಅಲ್ಲೇ ಪಕ್ಕದ ತಗಡಿನ ಶೆಡ್ಡಿನ ಮಗುವಿಗೆ, ನಾಳೆ ಅದು ಸುರಪುರದ ಬಸ್ ಹತ್ತಿದರೆ, ನಾಡಿದ್ದಿನ ಪಾಠ ಯಾರು ಹೇಳಿಕೊಡುತ್ತಾರೆ ಎಂಬುದಕ್ಕೆ ಇನ್ನೂ ಸಿಕ್ಕಿಲ್ಲ.