ಪನಾಮಾ ಕಾಲುವೆಯ ದಂಡೆಯ ಸಂಸಾರಗಳು

ಅಟ್ಲಾಂಟಿಕ್ ಸಾಗರವನ್ನೂ ಶಾಂತಸಾಗರವನ್ನೂ ಬೇರ್ಪಡಿಸಿದ್ದ ಪನಾಮಾ ಭೂಸಂಧಿಯನ್ನು ಕಡಿದು ಹಡಗುಗಳಿಗೆ ಹಾದಿ ಮಾಡಿದ ಸಾಹಸವನ್ನು ಕುರಿತ ಗ್ರಂಥಗಳಲ್ಲಿ ಯಂತ್ರಗಳ, ಬಂಡೆಗಳ, ಸಿಡಿಮದ್ದಿನ ವರ್ಣನೆ ಯಥೇಚ್ಛವಾಗಿ ದೊರೆಯುತ್ತದೆ. ಆದರೆ ಆ ಕಾಲುವೆಯ ದಂಡೆಯ ಮೇಲೆ ಮುಕ್ಕಾಲು ಶತಮಾನದ ಕಾಲ ಒಲೆ ಹೂಡಿ, ಮಕ್ಕಳನ್ನು ಹೆತ್ತು, ಅವರನ್ನು ಶಾಲೆಗೆ ಕಳುಹಿಸಿ, ನೆರೆಯವರೊಡನೆ ಜಗಳವಾಡಿ ರಾಜಿಯಾಗಿ ಬಾಳಿದ ಅಮೆರಿಕನ್ ಸಂಸಾರಗಳ ದಿನಚರಿಯೂ ಇತಿಹಾಸಕ್ಕೆ ಹೊರತಾದುದಲ್ಲ. 1903ರ ನವೆಂಬರಿನಲ್ಲಿ ಕೊಲಂಬಿಯಾದಿಂದ ಬೇರ್ಪಟ್ಟ ಪನಾಮಾದ ಪರವಾಗಿ ಬ್ಯುನೋ ವಾರಿಯಾ ಎಂಬ ಫ್ರೆಂಚನೊಬ್ಬನು ಸಹಿ ಹಾಕಿದ ಒಪ್ಪಂದದಿಂದ, ಕಾಲುವೆಯ ಎರಡು ಪಾರ್ಶ್ವಗಳಿಗೂ 5 ಮೈಲಿಯಂತೆ 10 ಮೈಲಿ ಅಗಲದ ನೆಲವು ಒಂದು ಕೋಟಿ ಡಾಲರಿಗೂ ವರ್ಷಕ್ಕೆ 2,50,000 ಡಾಲರಿಗೂ ಅಮೆರಿಕದ ಆಡಳಿತಕ್ಕೆ ಒಳಪಟ್ಟಿತು. ಪನಾಮಾ ಮತ್ತು ಕೊಲೋನ್ ನಗರಗಳನ್ನು ಮಾತ್ರ ಬಿಟ್ಟು ಮಿಕ್ಕುದೆಲ್ಲವೂ ಕಾಲುವೆ ವಲಯವಾಯಿತು.

ಮೊದಲ ವರ್ಷ ಅಲ್ಲಿಗೆ ಬಂದವರಿಗೆ ಸಂಸಾರದ ಯೋಚನೆಗಿಂತ ಸಾವಿನ ಯೋಚನೆಯೇ ಹೆಚ್ಚಾಗಿತ್ತು. ಮೊದಲ ಮುಖ್ಯ ಇಂಜಿನಿಯರನಾದ ಜಾನ್ ವಾಲೇಸನು ತನಗೂ ತನ್ನ ಪತ್ನಿಗೂ ಶವಪೆಟ್ಟಿಗೆಗಳನ್ನು ಜೊತೆಯಲ್ಲಿಯೇ ತರಿಸಿಕೊಂಡಿದ್ದನೆಂಬ ಮಾತು ಪ್ರಸಿದ್ಧವಾಗಿದೆ. 1905ರಲ್ಲಿ ಹಳದಿ ಜ್ವರ ಕಾಣಿಸಿಕೊಂಡೊಡನೆ ಅಮೆರಿಕನ್ನರಲ್ಲಿ ಬಹುಪಾಲು ಜನ ಸಿಕ್ಕಿದ ಹಡಗನ್ನು ಹತ್ತಿ ಓಡಿದರು, ವಾಲೇಸನೂ ರಾಜೀನಾಮೆಯಿತ್ತನು. ಅವನ ಸ್ಥಾನಕ್ಕೆ ಬಂದ ಜಾನ್ ಸ್ಟೀವನ್ಸನು ಅಗೆಯುವ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿ, ಆಳುಗಳನ್ನೂ ಹಣವನ್ನೂ ವೈದ್ಯನಾದ ಗೋರ್ಗಾಸನ ಕೈಗೆ ಒಪ್ಪಿಸಿ, ತಾನು ಮನೆಗಳನ್ನು ಕಟ್ಟಿಸಲು ತೊಡಗಿದನು. ಗೋರ್ಗಾಸನ ಜನ ಮನೆಮನೆಗೆ ಗಂಧಕದ ಹೊಗೆ ಹಾಕಿ, ನೀರಿನ ತೊಟ್ಟಿಗಳನ್ನು ಮುಚ್ಚಿಸಿ, ಚರಂಡಿಗಳಿಗೆ ಎಣ್ಣೆ ಸುರಿದು, ಆ ವರ್ಷದ ಕೊನೆಯೊಳಗೆ ಪನಾಮಾ ನಗರದಿಂದ ಆ ಜ್ವರವನ್ನು ತೊಲಗಿಸಿದರು. ಗುದ್ದಲಿಯನ್ನು ಬದಿಗಿಟ್ಟು ಗೋಡೆಗಳನ್ನು ಎಬ್ಬಿಸಿದ ಸ್ಟೀವನ್ಸನ ವಿವೇಕಕ್ಕೆ ಸಲ್ಲಬೇಕಾದ ಕೀರ್ತಿ ಸಂದಿಲ್ಲವೆಂದು ನನ್ನ ಭಾವನೆ. ಒಂಟಿಗಂಡಸರು ಕುಡಿದು, ಬೇಸತ್ತು, ಕೆಲವೇ ತಿಂಗಳಲ್ಲಿ ಊರಿಗೆ ಮರಳುತ್ತಿದ್ದರು. ಹೆಂಡತಿ ಮಕ್ಕಳು ಬಂದು ನೆಲೆಸಿದರೆ ನುರಿತ ಕೆಲಸಗಾರನು ನಿಲ್ಲುವನೆಂಬುದೇ ಆ ಮನೆಗಳ ಹಿಂದಿದ್ದ ಲೆಕ್ಕಾಚಾರ.

ಮನೆಗೂ ಒಂದು ಲೆಕ್ಕವಿತ್ತು. ತಿಂಗಳ ಸಂಬಳದ ಒಂದೊಂದು ಡಾಲರಿಗೆ ಒಂದೊಂದು ಚದರಡಿ ವಾಸಸ್ಥಳ. ಹೆಂಡತಿ ಬಂದಳೆಂದರೆ ಅಷ್ಟೇ ಸ್ಥಳ ಇನ್ನೊಮ್ಮೆ. ಬಾಡಿಗೆಯಿಲ್ಲ, ಮಂಚ, ಊಟದ ಮೇಜು, ಕುರ್ಚಿ, ಸೊಳ್ಳೆಪರದೆಗಳೆಲ್ಲ ಸರಕಾರದವೇ, ಒಲೆಯ ಕಲ್ಲಿದ್ದಲು, ದೀಪ, ನೀರು, ವೈದ್ಯ ಇವುಗಳಿಗೂ ಕಾಸು ಕೊಡಬೇಕಾಗಿರಲಿಲ್ಲ. ಇಂತಹ ಊರಿನಲ್ಲಿ ನೆರೆಯವನ ಸಂಬಳವೆಷ್ಟೆಂದು ಕೇಳಿ ತಿಳಿಯುವ ಪ್ರಮೇಯವೇ ಇರಲಿಲ್ಲ. ಅವನ ಜಗಲಿಯ ಉದ್ದವನ್ನು ನೋಡಿದರೆ ಸಾಕಾಗಿತ್ತು. ಆ ಜಗಲಿಗಳಿಗೆ ಸುತ್ತಲೂ ತಾಮ್ರದ ತಂತಿಯ ಜಾಲರಿ ಹೊದಿಸಿರುತ್ತಿದ್ದರು, ಏಕೆಂದರೆ ಕಬ್ಬಿಣದ್ದಾದರೆ ಆ ಹವೆಯಲ್ಲಿ ಬಹುಬೇಗ ತುಕ್ಕು ಹಿಡಿದು ಉದುರಿ, ಸೊಳ್ಳೆಗೆ ದಾರಿಯಾಗುತ್ತಿತ್ತು. ವರ್ಷಕ್ಕೆ ಸುಮಾರು 130 ಅಂಗುಲ ಮಳೆ ಸುರಿಯುವ ಕೊಲೋನಿನ ಆಸುಪಾಸಿನಲ್ಲಿ ರಾತ್ರಿ ಬಿಚ್ಚಿಟ್ಟ ಚರ್ಮದ ಬೂಟು ನಾಲ್ಕು ದಿನ ಕಳೆಯುವಷ್ಟರಲ್ಲಿ ಹಸುರು ಬೂಷ್ಟು ಹಿಡಿಯುತ್ತಿತ್ತು. ಪುಸ್ತಕದ ರಟ್ಟು ಬಿಟ್ಟುಕೊಳ್ಳುತ್ತಿತ್ತು. ಹಾಸಿಗೆಯ ಬಟ್ಟೆ ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಆದುದರಿಂದ ವಿದ್ಯುತ್ತು ಬಂದ ಬಳಿಕ ಬಟ್ಟೆಯ ಬೀರುವಿನೊಳಗೆ ಒಂದು ಬಲ್ಬನ್ನು ಹಗಲಿರುಳು ಉರಿಯಬಿಡುವುದು ಅಲ್ಲಿನ ಗೃಹಿಣಿಯರ ಪದ್ಧತಿಯಾಯಿತು. ನಮ್ಮ ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವು ಮಳೆಗಾಲದಲ್ಲಿ ಮಾಡುವ ಉಪಕಾರವನ್ನು ಅಲ್ಲಿ ಆ ಬಲ್ಬು ಮಾಡುತ್ತಿತ್ತು.

ಅಡುಗೆಮನೆಗೆ ಬೇಕಾದುದೆಲ್ಲ ಬರುತ್ತಿದ್ದುದು ಸರಕಾರದ ಉಗ್ರಾಣವಾದ ಕಮಿಸರಿಯಿಂದ. ಕ್ರಿಸ್ಟೊಬಾಲ್ ಬಂದರಿನಲ್ಲಿ ಹಡಗಿನಿಂದಿಳಿದ ಮಾಂಸ, ತರಕಾರಿ, ಹಣ್ಣುಗಳನ್ನೂ, ಅಲ್ಲಿಯೇ ತಯಾರಾದ ಮಂಜುಗಡ್ಡೆ, ರೊಟ್ಟಿಗಳನ್ನೂ ಹೊತ್ತು, ಶೀತಲ ಡಬ್ಬಿಗಳನ್ನುಳ್ಳ ರೈಲೊಂದು ಬೆಳಗಿನ ಜಾವಕ್ಕೆ ಹೊರಟು ದಾರಿಯುದ್ದಕ್ಕೂ ಊರೂರಿಗೆ ಇಳಿಸುತ್ತ ಹೋಗುತ್ತಿತ್ತು. ಕಮಿಸರಿಯಲ್ಲಿ ನಾಣ್ಯ ಚಲಾವಣೆಯಾಗುತ್ತಿರಲಿಲ್ಲ. ಸಂಬಳದಲ್ಲಿ ಹಿಡಿದುಕೊಂಡು ಕೊಟ್ಟ ಕೂಪನ್ ಪುಸ್ತಕದಿಂದ ಹಾಳೆ ಹರಿದುಕೊಡಬೇಕು. ಬೆಲೆಗಳು ಅಗ್ಗ. ಇತ್ತ ಪನಾಮಾದ ವರ್ತಕರು, ಪಕ್ಕದಲ್ಲಿಯೇ ಸಾವಿರಾರು ಸ್ಥಿತಿವಂತ ಗಿರಾಕಿಗಳಿದ್ದೂ ತಮ್ಮ ಅಂಗಡಿಗೆ ಒಬ್ಬರೂ ಬಾರದುದನ್ನು ಕಂಡು ಮೊದಲಿನಿಂದಲೂ ದೂರುತ್ತಲೇ ಬಂದರು. 1904ರಲ್ಲಿ ಒಮ್ಮೆ, 1936ರ ಒಪ್ಪಂದದಲ್ಲಿ ಮತ್ತೊಮ್ಮೆ ಕಮಿಸರಿಯ ಮಾರಾಟಕ್ಕೆ ಮಿತಿಗಳನ್ನು ಹಾಕುವ ಮಾತಾಯಿತು.

ಈ ಸೌಖ್ಯವೆಲ್ಲ ಯಾರ ಪಾಲಿನದು ಎಂಬುದನ್ನು ಒಂದು ಸಂಬಳದ ಪಟ್ಟಿ ನಿರ್ಧರಿಸುತ್ತಿತ್ತು. ಅಮೆರಿಕನ್ ಚಿನ್ನದ ನಾಣ್ಯದಲ್ಲಿ ಸಂಬಳ ಪಡೆಯುವವರು ಚಿನ್ನದ ಪಟ್ಟಿಯವರು; ಸ್ಥಳೀಯ ಬೆಳ್ಳಿಯಲ್ಲಿ ಪಡೆಯುವವರು ಬೆಳ್ಳಿಯ ಪಟ್ಟಿಯವರು. ಬಹುಬೇಗ ಇದು ನಾಣ್ಯದ ಭೇದವಾಗಿರದೆ ವರ್ಣದ ಭೇದವಾಗಿ, ಅಂಚೆಮನೆಯ ಕಿಟಕಿ, ಕಮಿಸರಿಯ ಬಾಗಿಲು, ಕುಡಿಯುವ ನೀರಿನ ನಲ್ಲಿ, ಮಕ್ಕಳ ಶಾಲೆ ಎಲ್ಲವೂ ಎರಡೆರಡಾದವು. ಬೆಳ್ಳಿಯ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ವೆಸ್ಟ್ ಇಂಡೀಸಿನ ಕರಿಯ ಜನ. ಬಾರ್ಬಡೋಸ್ ದ್ವೀಪವೊಂದರಿಂದಲೇ ಸುಮಾರು 20,000 ಮಂದಿಯನ್ನು ಕರೆತರಲಾಗಿತ್ತು. ಗಂಟೆಗೆ 10 ಸೆಂಟಿನ ಕೂಲಿಗೆ ಅವರು ಬಂಡೆ ಸಿಡಿಸಿದರು. ಅವರ ಹೆಂಗಸರು ಅಮೆರಿಕನ್ನರ ಮನೆಗಳಲ್ಲಿ ಬಟ್ಟೆ ಒಗೆದು, ಅಡುಗೆ ಮಾಡಿ, ಮಕ್ಕಳನ್ನು ಆಡಿಸಿದರು. ಸಂಜೆ ಹಿಂದಿರುಗುತ್ತಿದ್ದುದು ಮಾತ್ರ ಬಹುಮಟ್ಟಿಗೆ ಜಾಲರಿಯಿಲ್ಲದ ಕೋಣೆಗಳಿಗೆ. ಕಾಲುವೆ ತೋಡಿದ ಅಮೆರಿಕನ್ ಅವಧಿಯಲ್ಲಿ ಆಸ್ಪತ್ರೆಯ ದಾಖಲೆಗಳಂತೆ ಮಡಿದ 5,609 ಮಂದಿಯಲ್ಲಿ ಬಿಳಿಯ ಅಮೆರಿಕನ್ನರು ಸುಮಾರು 350. ತಾಮ್ರದ ಜಾಲರಿಯ ಬೆಲೆಯನ್ನು ಈ ಎರಡು ಅಂಕಿಗಳ ನಡುವೆ ಓದಿಕೊಳ್ಳಬಹುದು.

ಸ್ಟೀವನ್ಸನ ಬಳಿಕ 1907ರಲ್ಲಿ ಅಧಿಕಾರ ವಹಿಸಿದ ಕರ್ನಲ್ ಗೋಥಾಲ್ಸನು ಪ್ರತಿ ಭಾನುವಾರ ಬೆಳಗ್ಗೆ ಕುಲೆಬ್ರಾದ ತನ್ನ ಕಚೇರಿಯಲ್ಲಿ ಕುಳಿತು, ಚಿನ್ನ ಬೆಳ್ಳಿಯೆನ್ನದೆ ಬಂದವರೆಲ್ಲರ ಅಹವಾಲನ್ನು ಕೇಳುತ್ತಿದ್ದನು. ಕಾಲುವೆಯ ಕಂದಕಕ್ಕೆ ಕುಸಿದು ಬೀಳುತ್ತಿದ್ದ ಗುಡ್ಡಗಳನ್ನು ವಾರವೆಲ್ಲ ಎದುರಿಸಿದ ಆ ಸೈನಿಕನು, ರಜೆಯ ದಿನ ಕುಳಿತು, ಕುರ್ಚಿಗಳು ಸಾಲುವುದಿಲ್ಲವೆಂಬ ತಕರಾರನ್ನೂ, ಮನೆ ಬದಲಾಯಿಸಿಕೊಡಬೇಕೆಂಬ ಬೇಡಿಕೆಯನ್ನೂ, ಮೇಲಧಿಕಾರಿಯ ಬಿರುನುಡಿಯಿಂದ ನೊಂದವನ ಕಥೆಯನ್ನೂ ತಾಳ್ಮೆಯಿಂದ ಆಲಿಸಿ, ಅಲ್ಲಿಯೇ ತೀರ್ಪು ಕೊಡುತ್ತಿದ್ದನು. ವಕೀಲರಿಲ್ಲ, ಮೇಲ್ಮನವಿಯಿಲ್ಲ. ಪ್ರಜಾಪ್ರಭುತ್ವದ ಹೆಮ್ಮೆಯುಳ್ಳ ಜನ ಮತದ ಹಕ್ಕಿಲ್ಲದ ಈ ಸಣ್ಣ ರಾಜ್ಯದಲ್ಲಿ ಸಂತೋಷವಾಗಿಯೇ ಇದ್ದುದು ವಿಚಿತ್ರವಾದರೂ ನಿಜ. ಹೆಂಗಸರ ಬೇಸರವನ್ನು ಕಳೆಯಲೆಂದು ಅದೇ 1907ರಲ್ಲಿ ಹೆಲೆನ್ ಬೊಸ್ವೆಲ್ ಎಂಬಾಕೆಯನ್ನು ಕರೆಸಿ ಊರೂರಿನಲ್ಲಿ ಮಹಿಳಾ ಸಂಘಗಳನ್ನು ಸ್ಥಾಪಿಸಲಾಯಿತು. ಕಾರ್ಮಿಕರ ಮನಸ್ಸನ್ನು ಹಿಡಿದಿಡುವ ಉಪಾಯಗಳಲ್ಲಿ ಅದೂ ಒಂದು.

ಕಾಲುವೆಗಾಗಿ ಕಟ್ಟಿದ ಗಾತೂನ್ ಅಣೆಕಟ್ಟಿನ ಹಿಂದೆ ನೀರು ಏರಿದಾಗ ಗೋರ್ಗೋನಾ, ಮಾತಾಚಿನ್ ಮೊದಲಾದ ಹಳೆಯ ಊರುಗಳು ಬರಿದಾದವು; 1912ರ ಆಜ್ಞೆಯಂತೆ ವಲಯದ ಮೂಲನಿವಾಸಿಗಳನ್ನು ಹೊರಗೆ ಸಾಗಿಸಲಾಯಿತು. ಅಮೆರಿಕನ್ನರ ಮರದ ಮನೆಗಳನ್ನಾದರೋ ಬಿಚ್ಚಿ, ರೈಲಿಗೆ ಹೇರಿ, ಬೇರೆಡೆ ಜೋಡಿಸಿದರು. 1914ರ ಆಗಸ್ಟ್ 15ರಂದು ಆಂಕೋನ್ ಹಡಗು ಹಾಯ್ದು ಕಾಲುವೆ ತೆರೆದ ಮೇಲೆಯೂ ಉಳಿದವರು ಬಾಲ್ಬೋವಾ, ಪೆಡ್ರೊ ಮಿಗೆಲ್, ಗಾತೂನ್ ಊರುಗಳಲ್ಲಿ ನೆಲೆಸಿದರು. ಅಲ್ಲಿ ಹುಟ್ಟಿದ ಮಕ್ಕಳು ಬೆಳೆದು ತಂದೆಯ ಕೆಲಸಕ್ಕೇ ಸೇರಿದರು. ಆದರೂ ಒಂದು ಅಂಗೈಯಗಲದ ನೆಲವನ್ನು ಯಾರೂ ಕೊಳ್ಳುವಂತಿರಲಿಲ್ಲ. ನಿವೃತ್ತಿಯಾದೊಡನೆ ಮನೆಯ ಕೀಲಿಯನ್ನು ಒಪ್ಪಿಸಿ, ಕೆಲವರು ಬಾಲ್ಯದಲ್ಲಿ ರಜೆಗೆಂದು ಮಾತ್ರ ಕಂಡಿದ್ದ ಸ್ವದೇಶಕ್ಕೆ ತೆರಳಬೇಕಾಗಿತ್ತು. ತಮ್ಮದಲ್ಲದ ಆ ನೆಲವನ್ನು ಅವರು ಅಷ್ಟು ಹಟದಿಂದ ತಮ್ಮದೆಂದು ಸಾಧಿಸಿದುದಕ್ಕೆ ಈ ಅಭದ್ರತೆಯೂ ಒಂದು ಕಾರಣವಾಗಿದ್ದಿರಬಹುದು.

ಆ ಹಟವು ಸ್ಫೋಟಗೊಂಡುದು 1964ರ ಜನವರಿ 9ರಂದು. ಶಾಲೆಗಳ ಮುಂದೆ ಯಾವ ಧ್ವಜವೂ ಬೇಡವೆಂಬ ವಲಯದ ಗವರ್ನರನ ಅಪ್ಪಣೆಯನ್ನು ಮೀರಿ ಬಾಲ್ಬೋವಾದ ಅಮೆರಿಕನ್ ವಿದ್ಯಾರ್ಥಿಗಳು ತಮ್ಮ ಧ್ವಜವನ್ನು ಏರಿಸಿದ್ದರು. ಪನಾಮಾದ ವಿದ್ಯಾರ್ಥಿಗಳು ತಮ್ಮ ಧ್ವಜವನ್ನು ತಂದಾಗ ನೂಕುನುಗ್ಗಲಿನಲ್ಲಿ ಅದು ಹರಿಯಿತು. ಮುಂದಿನ ದಿನಗಳ ಗಲಭೆಯಲ್ಲಿ 20ಕ್ಕೂ ಹೆಚ್ಚು ಪನಾಮಾದವರೂ ಕೆಲವು ಅಮೆರಿಕನ್ ಸೈನಿಕರೂ ಸತ್ತರು. ವಲಯದ ಗಡಿಯ ಬೀದಿಗೆ ಹುತಾತ್ಮರ ಹೆಸರು ಬಂದಿತು. 1977ರಲ್ಲಿ ಅಮೆರಿಕದ ಅಧ್ಯಕ್ಷ ಕಾರ್ಟರ್ ಮತ್ತು ಪನಾಮಾದ ನಾಯಕ ಟೊರಿಹೋಸ್ ಸಹಿ ಮಾಡಿದ ಒಪ್ಪಂದಗಳ ಪ್ರಕಾರ 1979ರ ಅಕ್ಟೋಬರ್ 1ರಂದು ಕಾಲುವೆ ವಲಯವೆಂಬುದೇ ಇಲ್ಲವಾಯಿತು. ಕಾಲುವೆಯು 1999ರ ಡಿಸೆಂಬರ್ 31ರಂದು ಪನಾಮಾದ ಕೈ ಸೇರಿತು. ಕೆಲಸದಲ್ಲಿ ಮುಂದುವರಿದ ಅಮೆರಿಕನ್ನರಿಗೆ ಸೇನೆಯ ಮಳಿಗೆಗಳಲ್ಲಿ ಸಾಮಾನು ಕೊಳ್ಳುವ ಹಕ್ಕನ್ನು ಐದು ವರ್ಷಗಳ ಮಟ್ಟಿಗೆ ಉಳಿಸಿಕೊಡಲಾಗಿತ್ತು. ಆ ಗಡುವು ಮುಗಿದ ಮೇಲೆ, ಎಂಬತ್ತು ವರ್ಷಗಳಿಂದ ಪನಾಮಾದ ವರ್ತಕರು ಕೇಳುತ್ತ ಬಂದಂತೆ, ಆ ಅಮೆರಿಕನ್ನರ ಹೆಂಗಸರೂ ನಗರದ ಅಂಗಡಿಗಳಿಗೆ ಹೋಗಿ ಊರವರ ಬೆಲೆಗೇ ಬೇಳೆ ತರಕಾರಿಗಳನ್ನು ಕೊಳ್ಳತೊಡಗಿದರು.