ಗಂಟೆಗಳ ಲೆಕ್ಕದಿಂದ ರೋಗಿಯ ಮಂಚದವರೆಗೆ

ಹೈದರಾಬಾದಿನ ಅಮೀರ್‌ಪೇಟ್ ಎಂದರೆ ಬೀದರ್, ಕಲಬುರಗಿ, ರಾಯಚೂರು ಕಡೆಯ ಹುಡುಗ ಹುಡುಗಿಯರಿಗೆ ಕೋಚಿಂಗ್ ಸೆಂಟರುಗಳ ಪೇಟೆ. ಮೈತ್ರಿವನಂ ಆಸುಪಾಸಿನ ಸಾಫ್ಟ್‌ವೇರ್ ಬೋರ್ಡುಗಳ ನಡುವೆ ಕ್ಲಿನಿಕಲ್ ರಿಸರ್ಚ್, ಫಾರ್ಮಾಕೋವಿಜಿಲೆನ್ಸ್ ಕೋರ್ಸುಗಳ ಬೋರ್ಡುಗಳೂ ಕಾಣುತ್ತವೆ. ಔಷಧೋದ್ಯಮಕ್ಕೂ ಈ ಬಡಾವಣೆಗೂ ಹಳೆಯ ನಂಟು. ಸರ್ಕಾರಿ ಸಂಸ್ಥೆ ಐಡಿಪಿಎಲ್‌ನಲ್ಲಿ ಕೆಲಸ ಮಾಡಿದ್ದ ಕಲ್ಲಂ ಅಂಜಿ ರೆಡ್ಡಿ 1984ರಲ್ಲಿ ಕಟ್ಟಿದ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್‌ನ ಪ್ರಧಾನ ಕಚೇರಿ ಬಹುಕಾಲ ಅಮೀರ್‌ಪೇಟ್‌ನಲ್ಲೇ ಇತ್ತು.

ಇಂಥ ಕಂಪನಿಗಳಂತೆ ಮಾತ್ರೆ ತಯಾರಿಸುವುದು ಒಂದು ವಿದ್ಯೆ. ಅದು ರೋಗಿಗೆ ಒಗ್ಗುತ್ತಿದೆಯೇ ಎಂದು ನೋಡುವುದು ಬೇರೆಯೇ ವಿದ್ಯೆ. ಎರಡನೆಯದಕ್ಕೆ ವಿದ್ಯಾರ್ಥಿ ಎಷ್ಟು ಸಿದ್ಧನಾಗಿದ್ದಾನೆ ಎಂದು ಅಳೆಯುವುದನ್ನು ನಮ್ಮ ದೇಶ ಬಹಳ ನಿಧಾನವಾಗಿ ಕಲಿಯಿತು.

ಮೊದಲು ಇದ್ದವನು ಕಂಪೌಂಡರ್. ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿ ಮಿಕ್ಸ್ಚರ್ ಬೆರೆಸಿ, ಒಂದೊಂದು ಹೊತ್ತಿನ ಅಳತೆ ತಿಳಿಯಲೆಂದು ಸೀಸೆಗೆ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಕೆಲಸ ಮಾಡುತ್ತಲೇ ಕಲಿತ ಕಸುಬು ಅದು. ಆರ್.ಎನ್. ಚೋಪ್ರಾ ನೇತೃತ್ವದ ಔಷಧ ವಿಚಾರಣಾ ಸಮಿತಿ 1931ರಲ್ಲಿ ಈ ವೃತ್ತಿಗೆ ಶಿಕ್ಷಣ ಮತ್ತು ಕಾನೂನು ಎರಡೂ ಬೇಕೆಂದಿತು. ಮರುವರ್ಷವೇ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಫಾರ್ಮಸಿ ಶಿಕ್ಷಣಕ್ಕೆ ಬುನಾದಿ ಹಾಕಿದರು. 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು. ಮೊದಲ ನೋಂದಣಿಯಲ್ಲಿ, ಆಸ್ಪತ್ರೆ ಅಥವಾ ಔಷಧಾಲಯದಲ್ಲಿ ಐದು ವರ್ಷ ಔಷಧ ಬೆರೆಸಿದ ಅನುಭವವಿದ್ದವರಿಗೂ ಅದು ಜಾಗ ಕೊಟ್ಟಿತು.

ಅರ್ಹತೆಯನ್ನು ಕಾಲದಿಂದ ಅಳೆಯುವ ಈ ರೂಢಿ ಬೇಗ ಹೋಗಲಿಲ್ಲ. 1991ರ ಶಿಕ್ಷಣ ನಿಯಮಾವಳಿ ಡಿಪ್ಲೊಮಾ (ಡಿ.ಫಾರ್ಮ್) ವಿದ್ಯಾರ್ಥಿಗೆ ಕನಿಷ್ಠ ಮೂರು ತಿಂಗಳಲ್ಲಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ವಿಧಿಸಿತು. ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಮೀಸಲು. ಗಂಟೆ ತುಂಬಿದರೆ ಸರ್ಟಿಫಿಕೇಟ್ ಸಿಗುತ್ತಿತ್ತು.

ವಾರ್ಡಿನ ದಾರಿ ತೆರೆದುಕೊಟ್ಟದ್ದು ಮೈಸೂರು. 1990ರ ದಶಕದ ಉತ್ತರಾರ್ಧದಲ್ಲಿ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಫಾರ್ಮಸಿ ಪ್ರ್ಯಾಕ್ಟೀಸ್‌ನಲ್ಲಿ ಎಂ.ಫಾರ್ಮ್ ಆರಂಭಿಸಿ ವಿದ್ಯಾರ್ಥಿಗಳನ್ನು ಆಸ್ಪತ್ರೆಗೆ ಕಳಿಸಿತು. ಅಲ್ಲಿನ ಜಿ. ಪಾರ್ಥಸಾರಥಿ ಮತ್ತು ಸಹಸಂಪಾದಕರ ಕ್ಲಿನಿಕಲ್ ಫಾರ್ಮಸಿ ಪಠ್ಯಪುಸ್ತಕ 2004ರಲ್ಲಿ ಹೊರಬಂತು.

2008ರ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ನಿಯಮಾವಳಿ ಇದನ್ನು ದೇಶಕ್ಕೆಲ್ಲ ಹರಡಿತು: ಐದು ವರ್ಷ ಓದು, ಆರನೆಯ ವರ್ಷ ಇಂಟರ್ನ್‌ಶಿಪ್. ಆರು ತಿಂಗಳು ಜನರಲ್ ಮೆಡಿಸಿನ್, ಬೇರೆ ಮೂರು ವಿಭಾಗಗಳಲ್ಲಿ ತಲಾ ಎರಡು ತಿಂಗಳು. ತಿಳಿವಳಿಕೆ, ಕೌಶಲ, ಹೊಣೆಗಾರಿಕೆ, ತಂಡದಲ್ಲಿ ಬೆರೆಯುವ ಗುಣ ಇಂಥವಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ. ಯಾವುದೇ ಒಂದರಲ್ಲಿ ಮೂರಕ್ಕಿಂತ ಕಡಿಮೆ ಬಂದರೂ ಇಂಟರ್ನ್‌ಶಿಪ್ ತೃಪ್ತಿಕರವಲ್ಲ. ಗಂಟೆ ಎಣಿಸುವುದರಿಂದ ಗುಣ ನೋಡುವ ಕಡೆಗೆ ಇದು ದೊಡ್ಡ ಹೆಜ್ಜೆ. 2022ರಲ್ಲಿ ಡಿಪ್ಲೊಮಾದವರಿಗೂ ನೋಂದಣಿಗೆ ಮುನ್ನ ಎಕ್ಸಿಟ್ ಪರೀಕ್ಷೆ ವಿಧಿಸಿದ ನಿಯಮ ಬಂತು.

ಆದರೆ ಈ ಅಳತೆಗಳೆಲ್ಲ ತರಬೇತಿ ಮುಗಿದ ಮೇಲಿನವು. ವಾರ್ಡಿಗೆ ಕಾಲಿಡುವ ಮುಂಚೆಯೇ ಸಿದ್ಧತೆ ನೋಡಲು ಬಳಸಬಹುದಾದ ವಿಧಾನವನ್ನು 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿದರು. ಅದೇ ಓಸ್ಕಿ. ಸಾಲಾಗಿ ಮೇಜುಗಳು, ಗಂಟೆ ಬಾರಿಸಿದಾಗ ಮುಂದಿನದಕ್ಕೆ ಹೋಗಬೇಕು. ಫಾರ್ಮಸಿಗೂ ಇದು ಹೇಳಿಮಾಡಿಸಿದಂತಿದೆ. ಒಂದು ಮೇಜಿನಲ್ಲಿ ವಾರ್ಫರಿನ್ ತೆಗೆದುಕೊಳ್ಳುವ ರೋಗಿಗೆ ಡೈಕ್ಲೊಫೆನಾಕ್ ಬರೆದ ಚೀಟಿ ಇರುತ್ತದೆ: ರಕ್ತಸ್ರಾವದ ಅಪಾಯ ಗುರುತಿಸಿ ಡಾಕ್ಟರಿಗೆ ತಿಳಿಸಬೇಕು. ಮತ್ತೊಂದರಲ್ಲಿ ಇನ್ಹೇಲರ್: ಅಲುಗಾಡಿಸಿ, ಉಸಿರು ಹೊರಬಿಟ್ಟು, ಒಳಗೆಳೆಯುತ್ತ ಒತ್ತಿ, ಹತ್ತು ಸೆಕೆಂಡ್ ಹಿಡಿದಿಡುವುದನ್ನು ರೋಗಿಯ ಭಾಷೆಯಲ್ಲಿ ಹೇಳಿಕೊಡಬೇಕು. ಬಾಯಿಪಾಠ ಇಲ್ಲಿ ಸಾಲದು.

ಫಾರ್ಮ್.ಡಿಯ ಐದನೆಯ ವರ್ಷದ ಕೊನೆಗೆ ಇಂಥ ಪರೀಕ್ಷೆಯನ್ನು ಪ್ರತಿ ಕಾಲೇಜೂ ಕಡ್ಡಾಯವಾಗಿ ನಡೆಸಬೇಕು. ಇದಕ್ಕೆ ದುಬಾರಿ ಯಂತ್ರ ಬೇಡ. ಕೆಲವು ಮೇಜು, ರೋಗಿಯ ಪಾತ್ರ ವಹಿಸುವವರು, ಗಮನವಿಟ್ಟು ನೋಡುವ ಅಧ್ಯಾಪಕರು ಇದ್ದರೆ ಸಾಕು. ತಪ್ಪಾಗುವುದಿದ್ದರೆ ಅದು ಪರೀಕ್ಷಾ ಮೇಜಿನ ಮುಂದೆ ಆಗಲಿ, ರೋಗಿಯ ಮಂಚದ ಬಳಿ ಬೇಡ.