ಗೀಲ್‌ನ ಕುಟುಂಬ ಆರೈಕೆ

ಬೆಲ್ಜಿಯಂನ ಆಂಟ್ವರ್ಪ್ ಪ್ರಾಂತ್ಯದ ಗೀಲ್ ಪಟ್ಟಣದಲ್ಲಿ ಮಾನಸಿಕ ಕಾಯಿಲೆಯುಳ್ಳವರನ್ನು ಮನೆಮಂದಿಯ ನಡುವೆ ಇಟ್ಟುಕೊಂಡು ಸಲಹುವ, ಶತಮಾನಗಳಷ್ಟು ಹಳೆಯ ಪದ್ಧತಿ. ಮಾನಸಿಕ ಅಸ್ವಸ್ಥರ ರಕ್ಷಕಿಯೆಂದು ನಂಬಲಾದ ಸಂತ ಡಿಂಫ್ನಾಳ ಚರ್ಚಿಗೆ ಮಧ್ಯಯುಗದಲ್ಲಿ ರೋಗಿಗಳು ಹರಕೆ ಹೊತ್ತು ಬರುತ್ತಿದ್ದರು. ಅಲ್ಲಿ ಜಾಗ ಸಾಲದಾದಾಗ ಊರಿನವರು ತಮ್ಮ ಮನೆಗಳಲ್ಲಿ ಇಂಬು ಕೊಟ್ಟರು. 19ನೆಯ ಶತಮಾನದ ನಡುವೆ ಸರ್ಕಾರ ಮೇಲ್ವಿಚಾರಣೆ ವಹಿಸಿಕೊಂಡಿತು. 1930ರ ದಶಕದ ಕೊನೆಗೆ ಇಂಥ ನಿವಾಸಿಗಳು 3,700ಕ್ಕೂ ಹೆಚ್ಚಿದ್ದರು.

ಕುಟುಂಬದ ಹೊಣೆ ಚಿಕಿತ್ಸೆಯಲ್ಲ, ಸಹಬಾಳ್ವೆ. ಬಂದವರಿಗೆ ಸ್ವಂತ ಕೋಣೆ, ಮನೆಯವರೊಡನೆ ಊಟ, ಕೈಲಾದಷ್ಟು ಕೆಲಸ, ಬೇಕೆಂದಾಗ ಒಂಟಿಯಾಗಿರುವ ಅವಕಾಶ ಇರಬೇಕು. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವಂತೆ ನೋಡಿಕೊಳ್ಳಬೇಕು. ನಿದ್ದೆ, ಊಟ, ಮಾತಿನ ವರಸೆ ಬದಲಾದರೆ ಭೇಟಿಗೆ ಬರುವ ದಾದಿಗೆ ತಿಳಿಸಬೇಕು. ಕಾಯಿಲೆ ಉಲ್ಬಣಿಸಿದರೆ ಊರಿನ ಮನೋವೈದ್ಯಕೀಯ ಆಸ್ಪತ್ರೆ ಬೆನ್ನಿಗಿರುತ್ತದೆ. ಈ ಆಸರೆಯಿಲ್ಲದೆ ಮನೆಯವರ ಮೇಲೇ ಎಲ್ಲ ಭಾರ ಹೊರಿಸುವುದು ಅನ್ಯಾಯವೇ ಸರಿ. ರೋಗದ ಹೆಸರನ್ನು ಕುಟುಂಬಕ್ಕೆ ಹೇಳದಿರುವುದು ಇಲ್ಲಿನ ರೂಢಿ. ಹಣೆಪಟ್ಟಿಗಿಂತ ಮೊದಲು ಮನುಷ್ಯನ ಪರಿಚಯವಾಗಲು ಇದರಿಂದ ದಾರಿಯಾಗುತ್ತದೆ. ಎಷ್ಟೋ ನಿವಾಸಿಗಳು ಒಂದೇ ಮನೆಯಲ್ಲಿ ದಶಕಗಳನ್ನು ಕಳೆದಿದ್ದಾರೆ. ತಂದೆತಾಯಿ ತೀರಿಕೊಂಡ ಮೇಲೆ ಮಕ್ಕಳು ಆ ಹೊಣೆ ಹೊತ್ತ ಉದಾಹರಣೆಗಳೂ ಇವೆ.

ಕುಟುಂಬಗಳಿಗೆ ಸರ್ಕಾರ ಭತ್ಯೆ ನೀಡುತ್ತದೆ, ಅದು ಅಲ್ಪ. ಬೇಸಾಯ ಕುಗ್ಗಿ, ಗಂಡಹೆಂಡಿರಿಬ್ಬರೂ ಹೊರಗೆ ದುಡಿಯತೊಡಗಿದ ಮೇಲೆ ಹಗಲಲ್ಲಿ ಮನೆಯಲ್ಲಿರುವವರು ಕಡಿಮೆಯಾದರು. ನಿವಾಸಿಗಳ ಸಂಖ್ಯೆ ಕೆಲವು ನೂರಕ್ಕೆ ಇಳಿಯಿತು. ಯುನೆಸ್ಕೊ 2023ರಲ್ಲಿ ಈ ಪರಂಪರೆಯನ್ನು ಅಮೂರ್ತ ಪರಂಪರೆ ಸಂರಕ್ಷಣೆಯ ಉತ್ತಮ ಪದ್ಧತಿಗಳ ಪಟ್ಟಿಗೆ ಸೇರಿಸಿತು.